ಕ್ರೀಡಾ ಪ್ರಶ್ನೋತ್ತರ: ಬರುವವರ ಪಟ್ಟಿ, ಹೋಗುವವರ ಪಟ್ಟಿ

2025ರ ಏಪ್ರಿಲ್ 12ರ ರಾತ್ರಿ ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್ ಮುಗಿದ ಮೇಲೆ ಈ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು, ಅವುಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಮುಂದಿನ ಋತುವಿಗೆ ನಮ್ಮ ತಂಡಕ್ಕೆ ಯಾರು ಬರಬೇಕು? ಮೂರು ಪತ್ರಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರು ಎಫ್‌ಸಿಯ ಅಭಿಮಾನಿ. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಮೊದಲು ಮುನ್ನಡೆ ಪಡೆದು, ಕೊನೆಗೆ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತದ್ದನ್ನು ನೋಡಿದ ಮೇಲೆ ನಿದ್ದೆ ಬರಲಿಲ್ಲ. ಕೂತು ಒಂದು ಪಟ್ಟಿ ಮಾಡಿದೆ. ನಾರ್ತ್‌ಈಸ್ಟ್ ಯುನೈಟೆಡ್‌ನಿಂದ ಅಜರಾಯಿ, ಕೇರಳ ಬ್ಲಾಸ್ಟರ್ಸ್‌ನಿಂದ ಆಡ್ರಿಯನ್ ಲೂನಾ, ಸ್ಪೇನ್‌ನಿಂದ ಎತ್ತರದ ಒಬ್ಬ ಸೆಂಟರ್ ಬ್ಯಾಕ್ (ರಕ್ಷಣೆಯ ನಡುವೆ ನಿಲ್ಲುವವರು), ಮೋಹನ್ ಬಾಗಾನ್‌ನಿಂದ ಆಶಿಕ್ ಕುರುಣಿಯನ್ ವಾಪಸು. ಸುನಿಲ್ ಚೆಟ್ರಿ ಇನ್ನೊಂದು ವರ್ಷ ಆಡಲೇಬೇಕು. ಹನ್ನೊಂದು ಮಂದಿಯ ನಕ್ಷೆಯನ್ನೂ ಬರೆದು ಇಟ್ಟಿದ್ದೇನೆ. ಇದರಲ್ಲಿ ಆಗುವುದೆಷ್ಟು, ಆಗದ್ದೆಷ್ಟು? (ಓದುಗರು, ಉಪ್ಪಳ)

ಉತ್ತರ: ನಿಮ್ಮ ನಕ್ಷೆ ಅಡಿಕೆ ಮಂಡಿಯ ಚೀಟಿಯೊಂದರ ಹಿಂಬದಿಯಲ್ಲಿದೆ. ಮುಂಬದಿಯಲ್ಲಿ ಪಟೋರ, ಕರಿಗೋಟು ಎಂಬ ಅಡಿಕೆ ದರ್ಜೆಗಳ ತೂಕ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಳೆದ ಮೈದಾನ, ನಾಲ್ಕು ಸಾಲು, ಹನ್ನೊಂದು ಹೆಸರು. ಲೂನಾ ಅವರ ಹೆಸರನ್ನು ಎರಡು ಬಾರಿ ಅಳಿಸಿ ಮೂರನೆಯ ಬಾರಿ ಬರೆದ ಗುರುತೂ ಕಾಣುತ್ತದೆ. ಅಲ್ಲಿಯೇ ನಿಮಗೂ ಅನುಮಾನ ಬಂದಿರಬೇಕು, ಏಕೆಂದರೆ ನಾನು ಎಣಿಸಿ ನೋಡಿದಾಗ ಹನ್ನೊಂದರಲ್ಲಿ ವಿದೇಶಿಯರು ಐವರಿದ್ದರು: ಅಜರಾಯಿ, ಲೂನಾ, ಹೆಸರಿಲ್ಲದ ಸ್ಪೇನಿನವರು, ಮತ್ತು 2024–25ರ ತಂಡದಲ್ಲಿ ಆಗಲೇ ಇದ್ದ ಆಲ್ಬರ್ಟೊ ನೊಗುಯೆರಾ ಹಾಗೂ ರಯಾನ್ ವಿಲಿಯಮ್ಸ್. ಐಎಸ್‌ಎಲ್ ನಿಯಮದಂತೆ ತಂಡವೊಂದು ಆರು ವಿದೇಶಿಯರನ್ನು ನೋಂದಾಯಿಸಿಕೊಳ್ಳಬಹುದಾದರೂ ಒಂದೇ ಹೊತ್ತಿಗೆ ಮೈದಾನದಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ನಿಮ್ಮ ಹನ್ನೊಂದು ಮಂದಿ ಮೈದಾನಕ್ಕೆ ಇಳಿಯುವ ಮೊದಲೇ ಒಬ್ಬರು ಬೆಂಚಿಗೆ ಹೋಗಬೇಕಾಗುತ್ತದೆ, ಮತ್ತು ಆಟದ ದೃಷ್ಟಿಯಿಂದ ನೋಡಿದರೆ ಅದು ಲೂನಾ ಅಥವಾ ನೊಗುಯೆರಾ. ಇಬ್ಬರೂ ನಿಂತು ಆಡುವ ಜಾಗ, ಚೆಂಡಿಗಾಗಿ ಕಾಯುವ ಜಾಗ ಹೆಚ್ಚುಕಡಿಮೆ ಒಂದೇ.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಿಮ್ಮ ಪಟ್ಟಿಯಲ್ಲಿ ಬರುವವರಿದ್ದಾರೆ, ಹೋಗುವವರಿಲ್ಲ. ನೊಗುಯೆರಾ, ಎಡ್ಗರ್ ಮೆಂಡೆಸ್, ಹೋರ್ಹೆ ಪೆರೇರಾ ಡಿಯಾಸ್, ವಿಲಿಯಮ್ಸ್, ಪೆದ್ರೊ ಕಾಪೊ, ಅಲೆಕ್ಸಾಂಡರ್ ಯೊವಾನೊವಿಚ್ ಎಂದು 2024–25ರಲ್ಲಿ ಬೆಂಗಳೂರಿನ ಆರು ವಿದೇಶಿ ಜಾಗಗಳೂ ಭರ್ತಿಯಾಗಿದ್ದವು. ಮೂವರು ಹೊಸ ವಿದೇಶಿಯರು ಬರಬೇಕಾದರೆ ಇವರಲ್ಲಿ ಮೂವರು ಹೋಗಬೇಕು. ಅಭಿಮಾನಿಗೆ ಈ ಭಾಗ ಬರೆಯಲು ಮನಸ್ಸು ಬರುವುದಿಲ್ಲ ಎಂಬುದು ನನಗೆ ಗೊತ್ತು, ಆದರೆ ತಂಡ ಕಟ್ಟುವವರು ಮೊದಲು ಬರೆಯುವುದು ಇದನ್ನೇ. ಆರು ಮಂದಿಯಲ್ಲಿ ವಿಲಿಯಮ್ಸ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಆ ಋತುವಿನ ಕೊನೆಗೆ 34 ಅಥವಾ 35ರ ವಯಸ್ಸಿನವರು. ಆದ್ದರಿಂದ ಬದಲಾವಣೆ ಬೇಕೆಂಬ ನಿಮ್ಮ ಮೂಲ ಅನಿಸಿಕೆ ತಪ್ಪಲ್ಲ. ನನ್ನನ್ನು ಕೇಳಿದರೆ ವಿಲಿಯಮ್ಸ್ ಅವರನ್ನೂ, ರಕ್ಷಣೆಯ ಮುಂದೆ ನಿಂತು ಆಟವನ್ನು ನಿಧಾನಗೊಳಿಸಬಲ್ಲ ಕಾಪೊ ಅವರನ್ನೂ ಉಳಿಸಿಕೊಂಡು, ಮುಂಭಾಗದ ಒಬ್ಬರನ್ನು ಬಿಟ್ಟುಕೊಟ್ಟು ಅವರ ಜಾಗದಲ್ಲಿ ಕಿರಿಯ ವಯಸ್ಸಿನ ಸ್ಟ್ರೈಕರ್ ಒಬ್ಬರನ್ನು ತರುವುದು ಸಾಕು. ಒಂದೇ ಬೇಸಿಗೆಯಲ್ಲಿ ಮೂವರನ್ನು ಬದಲಿಸಿದ ತಂಡ ಅರ್ಧ ಋತುವನ್ನು ಪರಸ್ಪರ ಪರಿಚಯಕ್ಕೇ ಕಳೆಯುತ್ತದೆ.

ಅಜರಾಯಿ ಬೇಕೆಂದು ಬಯಸದ ಅಭಿಮಾನಿ ದೇಶದಲ್ಲಿ ಇರಲಿಕ್ಕಿಲ್ಲ. 2024–25ರ ಋತುವಿನಲ್ಲಿ 23 ಗೋಲು ಹೊಡೆದು ಐಎಸ್‌ಎಲ್‌ನ ಒಂದೇ ಋತುವಿನ ದಾಖಲೆಯನ್ನೇ ಮುರಿದವರು ಅವರು. ಆದರೆ ಆಟಗಾರ ಒಪ್ಪಂದದಲ್ಲಿರುವಷ್ಟು ಕಾಲ ಅವನನ್ನು ಕರೆತರಲು ಆತನ ಕ್ಲಬ್ ಒಪ್ಪಬೇಕು, ಅದು ಕೇಳಿದ ವರ್ಗಾವಣೆ ಶುಲ್ಕ ತೆರಬೇಕು. 23 ಗೋಲು ಹೊಡೆದವರಿಗೆ ಕೇಳುವ ಬೆಲೆ ಎಷ್ಟಿರಬಹುದೆಂದು ನೀವೇ ಲೆಕ್ಕ ಹಾಕಿ. ಒಪ್ಪಂದ ಮುಗಿದವರ ಮಾತು ಬೇರೆ. ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಬೋಸ್ಮನ್ ಅವರ ಮೊಕದ್ದಮೆಯಲ್ಲಿ 1995ರಲ್ಲಿ ನೀಡಿದ ತೀರ್ಪಿನ ನಂತರ, ಒಪ್ಪಂದ ತೀರಿದ ಆಟಗಾರನಿಗಾಗಿ ಹಳೆಯ ಕ್ಲಬ್ ಹಣ ಕೇಳುವ ಪದ್ಧತಿ ಕಳಚಿಬಿತ್ತು. ಫಿಫಾದ ಈಗಿನ ನಿಯಮದಂತೆ ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್‌ನೊಂದಿಗೆ ಸಹಿ ಹಾಕಿಕೊಳ್ಳಲೂ ಬಹುದು. ನಮ್ಮಲ್ಲಿ ಬಹುಪಾಲು ಒಪ್ಪಂದಗಳು ಮೇ ಕೊನೆಗೆ ಮುಗಿಯುವುದರಿಂದ, ಪಟ್ಟಿ ಮಾಡುವಾಗ ಹೆಸರಿನ ಪಕ್ಕದಲ್ಲಿ ಒಪ್ಪಂದ ಮುಗಿಯುವ ವರ್ಷವನ್ನೂ ಬರೆದುಕೊಳ್ಳಿ. ಅರ್ಧ ಪಟ್ಟಿ ಅಲ್ಲಿಯೇ ಸೋಸಿಹೋಗುತ್ತದೆ. 2025ರಲ್ಲಿ ಇನ್ನೊಂದು ಅಡ್ಡಿಯೂ ಇತ್ತು: ಐಎಸ್‌ಎಲ್ ನಡೆಯುವುದಕ್ಕೆ ಆಧಾರವಾದ, 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಾಡಿಕೊಂಡ ಹದಿನೈದು ವರ್ಷಗಳ ವಾಣಿಜ್ಯ ಒಪ್ಪಂದ ಆ ವರ್ಷದ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ಮುಂದಿನದು ತೀರ್ಮಾನವಾಗುವ ತನಕ ಮೂರು ನಾಲ್ಕು ವರ್ಷಗಳ ದುಬಾರಿ ಒಪ್ಪಂದಕ್ಕೆ ಕೈ ಹಾಕಲು ಯಾವ ಕ್ಲಬ್‌ಗಾದರೂ ಅಳುಕು ಇದ್ದೇ ಇತ್ತು.

ಇನ್ನು ನೀವು ಕೊನೆಗೆ ಬರೆದು ನಾನು ಮೊದಲಿಗೆ ಬರೆಯಬಹುದಾಗಿದ್ದ ಮಾತು, ಚೆಟ್ರಿ. 2024–25ರ ಋತುವಿನಲ್ಲಿ ಅವರು 14 ಗೋಲು ಹೊಡೆದರು. ಐಎಸ್‌ಎಲ್‌ನಲ್ಲಿ ಬೇರಾವ ಭಾರತೀಯನೂ ಅವರ ಹತ್ತಿರ ಬರಲಿಲ್ಲ. ಗೋವಾದ ಎದುರು ಸೆಮಿಫೈನಲ್‌ನ ಎರಡನೆಯ ಪಂದ್ಯ ಹೆಚ್ಚುವರಿ ಅವಧಿಗೆ ಜಾರುತ್ತಿದ್ದಾಗ, ತೊಂಬತ್ತು ನಿಮಿಷ ದಾಟಿದ ಮೇಲೆ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಕೊಂಡೊಯ್ದವರೂ ಅವರೇ. ಆದರೆ 2025ರ ಆಗಸ್ಟ್ 3ಕ್ಕೆ ಅವರಿಗೆ 41 ತುಂಬಿತು. ಅವರು ಇನ್ನೊಂದು ವರ್ಷ ಆಡಲಿ ಎಂಬುದು ನನ್ನ ಆಸೆಯೂ ಹೌದು, ಆದರೂ ಆ 14 ಗೋಲುಗಳು ಮತ್ತೊಮ್ಮೆ ಅದೇ ಕಾಲಿನಿಂದ ಬರುತ್ತವೆಂದು ನಂಬಿ ತಂಡ ಕಟ್ಟುವುದು ಜೂಜು. ಅವರ ಜಾಗಕ್ಕೆ ಭಾರತೀಯ ಸ್ಟ್ರೈಕರನ್ನು ಕೊಂಡುತರೋಣ ಎಂದರೆ ಪೇಟೆಯಲ್ಲಿ ಸರಕೇ ಇಲ್ಲ. ಪ್ರತಿಯೊಂದು ಕ್ಲಬ್ಬೂ ಮೈದಾನದಲ್ಲಿನ ತನ್ನ ನಾಲ್ಕು ವಿದೇಶಿ ಜಾಗಗಳಲ್ಲಿ ಒಂದೆರಡನ್ನು ಗೋಲು ಹೊಡೆಯುವ ಜಾಗಕ್ಕೇ ಮೀಸಲಿಡುವುದರಿಂದ ಭಾರತೀಯ ಮುನ್ಪಡೆ ಆಟಗಾರನಿಗೆ ಸಿಗುವುದು ಕೊನೆಯ ಹತ್ತು ಹದಿನೈದು ನಿಮಿಷ. ಹತ್ತು ನಿಮಿಷ ಆಡಿ ಗೋಲು ಹೊಡೆಯುವುದನ್ನು ಕಲಿತವರು ಯಾರೂ ಇಲ್ಲ.

ಆದುದರಿಂದ ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಹೊರಗಿನವರ ಹೆಸರಿರಬಾರದು. 2022ರ ಡ್ಯೂರಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಎದುರು ಮೊದಲ ಗೋಲು ಹೊಡೆದ ತಮಿಳುನಾಡಿನ ಶಿವಶಕ್ತಿ ನಾರಾಯಣನ್ 2024–25ರ ತಂಡದಲ್ಲಿ ಆಗಲೇ ಇದ್ದರು. 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯವನ್ನೇ ತನ್ನ ಗೋಲಿನಿಂದ ಗೆಲ್ಲಿಸಿದ, ಆಗ ಹತ್ತೊಂಬತ್ತರ ವಯಸ್ಸಿನ ವಿನಿತ್ ವೆಂಕಟೇಶ್ ಇದ್ದರು. ಇವರಿಬ್ಬರಿಗೂ ಆಡಲು ನಿಜವಾದ ನಿಮಿಷಗಳು ಸಿಗುವಂತೆ ಉಳಿದ ಪಟ್ಟಿಯನ್ನು ಹೊಂದಿಸಬೇಕು. ಹಾಗೆ ನೋಡಿದಾಗ ನಿಮ್ಮ ಪಟ್ಟಿಯಲ್ಲಿ ನನಗೆ ತುಂಬ ಹಿಡಿಸಿದ್ದು ಆಶಿಕ್. ಮಲಪ್ಪುರಂನ ಈ ಆಟಗಾರ 2019ರಿಂದ 2022ರ ತನಕ ಬೆಂಗಳೂರಿನಲ್ಲೇ ಇದ್ದವರು. ಎಡಬದಿಯಲ್ಲಿ ಮುಂದೆಯೂ ಆಡಬಲ್ಲರು, ಅಗತ್ಯ ಬಿದ್ದರೆ ಹಿಂದೆಯೂ. ವಿದೇಶಿ ಜಾಗವನ್ನು ತಿನ್ನುವುದಿಲ್ಲ. ಬೆನ್ನ ಹಿಂದೆ ರೋಷನ್ ಸಿಂಗ್ ಇದ್ದರೆ ಆ ಬದಿ ಗಟ್ಟಿಯಾಗುತ್ತದೆ. ಮೊಣಕಾಲಿನ ಗಾಯ ಅವರ ಆಟದ ಒಂದು ಋತುವನ್ನೇ ನುಂಗಿತ್ತು ಎಂಬುದನ್ನು ಮಾತ್ರ ವೈದ್ಯರು ನೋಡಿಕೊಳ್ಳಲಿ. ಸ್ಪೇನಿನ ಸೆಂಟರ್ ಬ್ಯಾಕ್ ಅವರನ್ನು ಸದ್ಯಕ್ಕೆ ಸ್ಪೇನಿನಲ್ಲೇ ಬಿಡೋಣ.

ಪ್ರಶ್ನೆ: ನಮ್ಮದು ಕುಂಬಳೆ. ಮನೆಯಲ್ಲಿ ಕನ್ನಡ, ಆದರೆ ಟೀವಿಯ ಮುಂದೆ ನಾನು ಹಳದಿ (ಬ್ಲಾಸ್ಟರ್ಸ್), ತಮ್ಮ ನೀಲಿ (ಬೆಂಗಳೂರು). ಬ್ಲಾಸ್ಟರ್ಸ್ 2024–25ರಲ್ಲಿ ಎಂಟನೆಯ ಸ್ಥಾನಕ್ಕೆ ಕುಸಿಯಿತು. ವರ್ಷ ವರ್ಷವೂ ಒಳ್ಳೆಯ ಆಟಗಾರ ಬೇಕೆಂದು ನಾವು ಕೇಳುತ್ತೇವೆ, ಬರುತ್ತಾರೆ. ಆದರೂ ಕಪ್ ಇಲ್ಲ. ಈ ಬಾರಿ ಏನು ಕೇಳಬೇಕು? (ಓದುಗರು, ಕುಂಬಳೆ)

ಉತ್ತರ: ಹೊಸಬರನ್ನು ಕೇಳಬೇಡಿ, ಇರುವವರನ್ನು ಉಳಿಸಿಕೊಳ್ಳಿ ಎಂದು ಕೇಳಿ. 2021–22ರಲ್ಲಿ ಬ್ಲಾಸ್ಟರ್ಸ್ ಫೈನಲ್ ತಲುಪಿ ಹೈದರಾಬಾದ್ ಎದುರು ಪೆನಾಲ್ಟಿಯಲ್ಲಿ ಸೋತಾಗ ಅಲ್ವಾರೊ ವಾಸ್ಕೆಸ್ ಮತ್ತು ಪೆರೇರಾ ಡಿಯಾಸ್ ತಲಾ 8 ಗೋಲು ಹೊಡೆದಿದ್ದರು. ಅದೇ ಬೇಸಿಗೆಯಲ್ಲಿ ಒಬ್ಬರು ಗೋವಾಕ್ಕೆ, ಇನ್ನೊಬ್ಬರು ಮುಂಬೈಗೆ ಹೋದರು. ಎರಡನೆಯವರು 2024–25ರಲ್ಲಿ ನಿಮ್ಮ ತಮ್ಮನ ತಂಡದಲ್ಲಿದ್ದರು. ಅವರ ಜಾಗಕ್ಕೆ ಬಂದ ಡಿಮಿಟ್ರಿಯೋಸ್ ಡಿಯಾಮಾಂಟಕೋಸ್ 2023–24ರಲ್ಲಿ 13 ಗೋಲು ಹೊಡೆದು ಅತಿ ಹೆಚ್ಚು ಗೋಲಿಗೆ ಕೊಡುವ ಚಿನ್ನದ ಬೂಟು ಗೆದ್ದು, ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿದರು. ನಡುವೆ ಸಹಲ್ ಅಬ್ದುಲ್ ಸಮದ್ ಮೋಹನ್ ಬಾಗಾನ್‌ಗೆ, ಜೀಕ್ಸನ್ ಸಿಂಗ್ ಈಸ್ಟ್ ಬೆಂಗಾಲ್‌ಗೆ. ಹೀಗೆ ಹೋದವರ ಹೆಸರುಗಳನ್ನು ಮಾತ್ರ ಬರೆದರೂ ಒಳ್ಳೆಯದೊಂದು ತಂಡದ ಅರ್ಧಭಾಗ ಆಗುತ್ತದೆ. 2024–25ರಲ್ಲಿ ಹೆಸುಸ್ ಹಿಮೆನೆಸ್ 11 ಗೋಲು ಹೊಡೆದರು. ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಆಗಿರಲಿ, ಎರಡನೆಯದು ಲೂನಾ ಅವರದು. ಉಪ್ಪಳದವರ ಕಣ್ಣು ಅವರ ಮೇಲೆ ಬಿದ್ದಿದೆ ಎಂಬುದನ್ನು ಮೇಲೆ ಓದಿದ್ದೀರಿ. 2024ರ ಡಿಸೆಂಬರಿನಲ್ಲಿ ಋತುವಿನ ನಡುವೆಯೇ ತರಬೇತುದಾರರನ್ನು ಕಳುಹಿಸಿದ ತಂಡಕ್ಕೆ ಆಟಗಾರರಿಗಿಂತ ಮೊದಲು ಬೇಕಾಗಿದ್ದದ್ದು ಆಗ ಹೊಸದಾಗಿ ಬಂದಿದ್ದ ತರಬೇತುದಾರ ದಾವಿದ್ ಕತಾಲಾ ಅವರಿಗೆ ಒಂದು ಪೂರ್ಣ ವರ್ಷದ ಕಾಲಾವಕಾಶ. ಅದನ್ನು ಕ್ಲಬ್ ಕೊಡುತ್ತದೆಯೋ ಎಂಬ ಸಂಶಯ ನನಗೂ ಇತ್ತು.

ಪ್ರಶ್ನೆ: ನಿಮ್ಮ ಪಟ್ಟಿಗಳಲ್ಲೆಲ್ಲ ಸ್ಪೇನ್, ಮೊರೊಕ್ಕೊ, ಮಣಿಪುರ ಬರುತ್ತವೆ. ನಮ್ಮ ಗದ್ದೆಯಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಮಂದಿಯ ಫುಟ್‌ಬಾಲ್) ಆಡುವ ಹುಡುಗನ ಹೆಸರು ಅಂಥ ಪಟ್ಟಿಯಲ್ಲಿ ಬರಲು ಏನು ಮಾಡಬೇಕು? ನನಗೆ 16 ವರ್ಷ. (ವಿದ್ಯಾರ್ಥಿ, ಪೈವಳಿಕೆ)

ಉತ್ತರ: ಬಂದದ್ದುಂಟು. ನಿಮ್ಮದೇ ಜಿಲ್ಲೆಯ ದಕ್ಷಿಣ ತುದಿಯ ತ್ರಿಕರಿಪುರದ ಮೊಹಮ್ಮದ್ ರಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೊಚ್ಚಿಯ ತುಂಬಿದ ಕ್ರೀಡಾಂಗಣದ ಮುಂದೆ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದವರು. ಅದಕ್ಕೂ ಮೊದಲು ಮಹೀಂದ್ರ ಯುನೈಟೆಡ್ ಪರವಾಗಿ ಐ-ಲೀಗ್ ಆಡುತ್ತಿದ್ದಾಗ ದೇಶದ ಮುಂಚೂಣಿಯ ಗೋಲುಗಾರರಲ್ಲಿ ಒಬ್ಬರಾಗಿದ್ದರು.

ಆದರೆ ಗದ್ದೆಯಿಂದ ಅಲ್ಲಿಗೆ ಹೋಗುವ ದಾರಿ ಮೇಲ್ನೋಟಕ್ಕೆ ಕಾಣುವಷ್ಟು ನೇರವಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಮರದ ಕಂಬಗಳಿಂದ ಕಟ್ಟಿದ ಗ್ಯಾಲರಿಯ ಮೇಲೆ ಕೂತು ರಾತ್ರಿಯ ಸೆವೆನ್ಸ್ ನೋಡುವಾಗ ನಾನು ಗಮನಿಸುವುದು ಒಂದೇ: ಚೆಂಡು ಎದುರಾಳಿಯ ಕಾಲಿನಲ್ಲಿದ್ದರೂ ಸ್ಟ್ರೈಕರ್ ಎದುರಾಳಿ ಗೋಲ್‌ಕೀಪರನ ಪಕ್ಕದಲ್ಲೇ ನಿಂತಿರುತ್ತಾನೆ. ಸೆವೆನ್ಸ್‌ನಲ್ಲಿ ಆಫ್‌ಸೈಡ್ (ಎದುರಾಳಿ ರಕ್ಷಕರನ್ನು ದಾಟಿ ನಿಂತು ಚೆಂಡು ಪಡೆಯಬಾರದೆಂಬ ನಿಯಮ) ಇಲ್ಲ, ನಿಂತರೆ ತಪ್ಪೂ ಇಲ್ಲ. ಹನ್ನೊಂದು ಮಂದಿಯ ಆಟಕ್ಕೆ ಬಂದಾಗ ಅದೇ ಹುಡುಗನ ಕೈಗೆ ಮೊದಲ ಅರ್ಧ ಗಂಟೆಯಲ್ಲಿ ಬರುವುದು ಲೈನ್ಸ್‌ಮನ್‌ನ ಬಾವುಟ ಮಾತ್ರ. ಸಣ್ಣ ಜಾಗದಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಳ್ಳುವ ಕಲೆಯನ್ನು ಸೆವೆನ್ಸ್ ಕಲಿಸುತ್ತದೆ, ಚೆಂಡಿಲ್ಲದಾಗ ಓಡುವುದನ್ನು ಕಲಿಸುವುದಿಲ್ಲ. ನಿಮಗೆ 16 ಆದ್ದರಿಂದ ಇದನ್ನು ಈಗಲೇ ಕಲಿಯಬೇಕು. ಇಪ್ಪತ್ತಕ್ಕೆ ಕಲಿಸುವವರು ಸಿಗುವುದಿಲ್ಲ.

ಕಣ್ಣಿಗೆ ಬೀಳುವ ಜಾಗ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ. 2022ರ ಏಪ್ರಿಲಿನಲ್ಲಿ ಮಂಜೇರಿಯಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕೇರಳ 7–3ರಿಂದ ಕರ್ನಾಟಕವನ್ನು ಸೋಲಿಸಿದಾಗ, ಬದಲಿ ಆಟಗಾರನಾಗಿ ಇಳಿದ ಜೆಸಿನ್ ಐದು ಗೋಲು ಹೊಡೆದರು; ಆ ನಂತರ ಈಸ್ಟ್ ಬೆಂಗಾಲ್ ಅವರನ್ನು ಸೇರಿಸಿಕೊಂಡಿತು. ಮರುವರ್ಷ ಅದೇ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 1968–69ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಮೇಲೆ ಮೊದಲ ಬಾರಿಗೆ ಟ್ರೋಫಿ ಎತ್ತಿತು. ನೀವು ನೋಂದಾಯಿತರಾಗುವುದು ಕೇರಳದ ಸಂಸ್ಥೆಯಲ್ಲಿ. ಸೂಪರ್ ಲೀಗ್ ಕೇರಳದಲ್ಲಿ ಕಾಸರಗೋಡಿನ ಹೆಸರಿನ ತಂಡ ಇಲ್ಲವಾದ್ದರಿಂದ ನಿಮಗೆ ಹತ್ತಿರದ್ದು ಕಣ್ಣೂರು ವಾರಿಯರ್ಸ್.

ಒಂದು ಕೆಲಸವನ್ನು ಈ ರಜೆಯಲ್ಲೇ ಮಾಡಿ. ಸೆವೆನ್ಸ್ ಫೆಡರೇಷನ್ ಮಾನ್ಯ ಮಾಡಿದ ಆಟವಲ್ಲ. ಅಲ್ಲಿ ನೂರು ಗೋಲು ಹೊಡೆದರೂ ಯಾವ ದಾಖಲೆಯಲ್ಲೂ ನಿಮ್ಮ ಹೆಸರಿರುವುದಿಲ್ಲ. ಜಿಲ್ಲಾ ಲೀಗ್ ಆಡುವ ಕ್ಲಬ್ ಒಂದರ ಮೂಲಕ ಫೆಡರೇಷನ್‌ನ ನೋಂದಣಿ ಮಾಡಿಸಿಕೊಂಡು, ಯಾವ ವರ್ಷ ಯಾವ ಕ್ಲಬ್‌ನಲ್ಲಿ ಆಡಿದಿರಿ ಎಂಬ ದಾಖಲೆಯ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಆಟಗಾರನೊಬ್ಬ ಒಪ್ಪಂದದ ನಡುವೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ವರ್ಗವಾದಾಗ, ಆ ಹಣದ ಶೇಕಡಾ 5ನ್ನು ಅವನ 12ರಿಂದ 23ರ ವಯಸ್ಸಿನ ನಡುವೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾದ ನಿಯಮ. ದಾಖಲೆ ಇಲ್ಲದಿದ್ದರೆ ನಿಮ್ಮ ಊರಿನ ಕ್ಲಬ್‌ನ ಪಾಲು ಊರಿಗೆ ಬರುವುದಿಲ್ಲ. ಅರ್ಜಿಗೆ ಜನನ ಪ್ರಮಾಣಪತ್ರ ಬೇಕು. ಅದರಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರು ಒಂದು ಮಲಯಾಳದ ರೀತಿಯಲ್ಲಿ, ಇನ್ನೊಂದು ಕನ್ನಡದ ರೀತಿಯಲ್ಲಿ ಇರುವುದು ನಮ್ಮ ಗಡಿಯಲ್ಲಿ ಸಾಮಾನ್ಯವಾದ್ದರಿಂದ, ಅದನ್ನು ಮೊದಲು ಸರಿಪಡಿಸಿಕೊಳ್ಳಿ.