ಕೆಮ್ಮಿನ ಸಿರಪ್ಪು, ಹೈಸ್ಕೂಲ್ ಮಕ್ಕಳ ಡೋಪ್ ಟೆಸ್ಟು

ಸರ್, ಮಗಳಿಗೆ ಕೆಮ್ಮು, ಮನೆಯಲ್ಲಿದ್ದ ಸಿರಪ್ ಕೊಡ್ತಾ ಇದೀವಿ, ಮುಂದಿನ ವಾರ ರಾಜ್ಯ ಕೂಟ, ಹೈಸ್ಕೂಲ್ ಮಕ್ಕಳಿಗೂ ಡೋಪ್ ಟೆಸ್ಟ್ ಅಂದ್ರೆ ಅವಮಾನ ಅಂತ ಬರೆದಿದೀರಿ. ಅವಮಾನದ ಮಾತು ಆಮೇಲೆ. ಮೊದಲು ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಟೆರ್ಬುಟಲಿನ್ (ಉಸಿರಾಟದ ನಾಳ ಸಡಿಲಿಸೋ ಔಷಧ, ಕ್ರೀಡೆಯಲ್ಲಿ ನಿಷೇಧ) ಅಂತ ಇದ್ರೆ ಇವತ್ತೇ ಡಾಕ್ಟರಿಗೆ ತೋರಿಸಿ ಬದಲಾಯಿಸಿ. ನಾನೂ ಮಗನಿಗೆ ಓದದೇ ಕುಡಿಸಿದವನು, ಅದಕ್ಕೇ ಇಷ್ಟು ಜೋರು.

ಕಫದ ಸಿರಪ್‌ಗಳಲ್ಲಿ ಬ್ರೋಮ್‌ಹೆಕ್ಸಿನ್ ಜೊತೆ ಇದು ಮಾಮೂಲಿ. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿ ಪ್ರಕಾರ ವರ್ಷಪೂರ್ತಿ ನಿಷೇಧ, ಕೂಟದ ದಿನ ಮಾತ್ರ ಅಲ್ಲ. ಸಾಲ್ಬುಟಮಾಲ್ ಇನ್‌ಹೇಲರ್ ಮಿತಿಯೊಳಗೆ (24 ಗಂಟೆಗೆ 1600 ಮೈಕ್ರೋಗ್ರಾಂ) ನಡೆಯುತ್ತೆ, ಅದೇ ಔಷಧ ಸಿರಪ್ಪಾದ್ರೆ ನಡೆಯಲ್ಲ. ಹಾಗಂತ ಆಸ್ತಮಾ ಇರೋ ಮಗುವಿನ ಔಷಧಿ ನೀವೇ ನಿಲ್ಲಿಸಬೇಡಿ. ಅದಕ್ಕೆ ಟಿಯುಇ ಅರ್ಜಿ ಇದೆ, ಅಂದ್ರೆ ಚಿಕಿತ್ಸೆಗೆ ಬೇಕೇ ಬೇಕಾದ ನಿಷೇಧಿತ ಔಷಧಿಗೆ ಅನುಮತಿ ಕೇಳೋದು.

ನಮ್ಮನೆಯಲ್ಲಿ ನಡೆಯೋ ಪದ್ಧತಿ: ಒಂದು ನೋಟ್‌ಬುಕ್. ಯಾವ ಮಾತ್ರೆ, ಯಾಕೆ, ಯಾರು ಕೊಟ್ಟರು, ತಾರೀಖು. ಪಕ್ಕದಲ್ಲೇ ಸ್ಟ್ರಿಪ್ಪಿನ ತುಂಡು ಅಂಟಿಸೋದು. ಮೆಡಿಕಲ್‌ನವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಅರ್ಧ ಅವರ ಡಬ್ಬದಲ್ಲೇ ಉಳಿದಿರುತ್ತೆ, ಆದ್ದರಿಂದ ಪೂರ್ತಿ ಸ್ಟ್ರಿಪ್ಪಿನ ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ. ಆಮೇಲೆ ನಾಡಾದ (ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) 'ನೋ ಯುವರ್ ಮೆಡಿಸಿನ್' (Know Your Medicine) ಆ್ಯಪಲ್ಲಿ ಹಾಕಿ ನೋಡಿ. ಟೆಸ್ಟ್ ಫಾರಂನಲ್ಲಿ ಹಿಂದಿನ ಏಳು ದಿನ ತಗೊಂಡಿದ್ದನ್ನೆಲ್ಲ ಬರೆಸ್ತಾರೆ, ಆಗ ಪುಸ್ತಕ ಕೈಗೆ ಬರುತ್ತೆ. ಬರೆದಾಕ್ಷಣ ತಪ್ಪು ಮಾಫಿ ಅಂತ ತಿಳ್ಕೋಬೇಡಿ. ಜ್ವರ ಅಂತ ಹೋದ್ರೆ ಕ್ಲಿನಿಕ್‌ನಲ್ಲಿ ಹಾಕೋ ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್) ಇಂಜೆಕ್ಷನ್ ಸಹ ಬರೀಬೇಕು, ಕೂಟದ ಹೊತ್ತಿಗೆ ಅದು ಮೈಯಲ್ಲಿರಬಾರದು.

ಇನ್ನು ಟೆಸ್ಟ್ ಬೇಕಾ ಅಂತ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾದವರು ಬಂದ್ರು ಅಂದ ಕೂಡಲೇ ಪುರುಷರ 100 ಮೀಟರ್ ಫೈನಲ್‌ನಲ್ಲಿ ಉಳಿದಿದ್ದು ಒಬ್ಬನೇ ಓಟಗಾರ. ಜೂನಿಯರ್ ಸ್ಟೀಪಲ್‌ಚೇಸ್ ಹುಡುಗಿಯೊಬ್ಬಳು ಗೆರೆ ದಾಟಿದರೂ ನಿಲ್ಲದೆ ಓಡಿದ್ಳು. ಟೆಸ್ಟಿಂದ ಓಡೋದು ಆ ಮಗುವಿನ ತಲೆಗೆ ತಾನಾಗಿ ಬಂದ ಯೋಚನೆಯೇ? ಸಿಇಟಿ ಕ್ರೀಡಾ ಕೋಟಾದ ಸೀಟಿನ ಆಸೆ ಇರೋ ನಾವು, ರಿಸಲ್ಟ್ ಬೇಕಿರೋ ಕೋಚುಗಳು, ನಮ್ಮನ್ನ ಬಿಟ್ಟು ಮಗುವಿಗೆ ಬೈಯೋದಾ?

ಹಾಗಂತ ತಾಲೂಕು ಕೂಟದಲ್ಲಿ ಎಲ್ಲರ ಮೂತ್ರ ಹಿಡಿಯೋದು ದುಡ್ಡು ದಂಡ. ಅಮೆರಿಕದ ಟೆಕ್ಸಾಸ್‌ನಲ್ಲಿ 2008ರಲ್ಲಿ ಹೈಸ್ಕೂಲ್ ಮಕ್ಕಳಿಗೆ ಸ್ಟೆರಾಯ್ಡ್ ಟೆಸ್ಟ್ ಶುರು ಮಾಡಿ, ಹತ್ತಾರು ಸಾವಿರ ಮಕ್ಕಳನ್ನ ಪರೀಕ್ಷಿಸಿ, ಸಿಕ್ಕಿದ್ದು ತೀರಾ ಕಡಿಮೆ ಅಂತ 2015ರಲ್ಲಿ ಕೈಬಿಟ್ಟರು. ರಾಜ್ಯ ಮಟ್ಟದಿಂದ ಮೇಲೆ, ಹೇಳದೆ ಕೇಳದೆ ಬಂದು ಮಾಡಲಿ. ಜೊತೆಗೆ ಕೋಚಿನ ಬ್ಯಾಗೂ ನೋಡಲಿ. ಚಿಕ್ಕ ಮಕ್ಕಳಿಗೆ ಸ್ಟೆರಾಯ್ಡ್ ಕೊಟ್ಟ ಕೋಚಿಗೆ ಆಜೀವ ನಿಷೇಧ ಅಂತ ನಿಯಮ ಇದೆ.

ಪ್ರೀವರ್ಕೌಟ್ ಡಬ್ಬಿ (ವ್ಯಾಯಾಮಕ್ಕೆ ಮುಂಚೆ ಕುಡಿಯೋ ಪುಡಿ) ಬಗ್ಗೆ ಕೇಳಲೇಬೇಡಿ, ಯಾವ ಬ್ರ್ಯಾಂಡೂ ಬೇಡ. ಪ್ರೋಟೀನ್ ಬೇಕೇ ಬೇಕು ಅನ್ನೋರು ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತು (ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆ ಮಾಡಿದ್ದು ಅಂತ) ನೋಡಿ ತಗೊಳ್ಳಿ, ಅದೂ ಗ್ಯಾರಂಟಿ ಅಲ್ಲ. ಹುರಿಗಡಲೆ, ಮೊಟ್ಟೆ, ರಾಗಿ ಮುದ್ದೆ ತಿಂದು ಯಾರೂ ಸಿಕ್ಕಿಬಿದ್ದಿಲ್ಲ.

ಟೆಸ್ಟಿಗೆ ಕರೆದ್ರೆ ನೀವು ಅಥವಾ ಮೇಡಂ ಜೊತೆಗಿರಿ. ಕನಿಷ್ಠ 90 ಮಿಲಿ ಮೂತ್ರ ಬೇಕು, ಬೇಗ ಬರಲಿ ಅಂತ ಲೀಟರ್‌ಗಟ್ಟಲೆ ನೀರು ಕುಡಿಸಬೇಡಿ, ತೆಳುವಾದ್ರೆ ಮತ್ತೆ ಕೂರಿಸ್ತಾರೆ. ಸೀಲ್ ಒಡೆಯದ ಬಾಟಲಿ ನೀರೇ ಕುಡಿಸಿ.