ಮಫೇಯಿಗೂ ಮಾಫಿಯಾಕ್ಕೂ ನೆಂಟಸ್ತಿಕೆ ಉಂಟಾ?

ಪ್ರಶ್ನೆ: ಮಾಷ್ಟ್ರೇ, ನಮ್ಮ ಅಜ್ಜನ ಕಪಾಟು ಖಾಲಿ ಮಾಡುವಾಗ ಹಳೆಯದೊಂದು ಕೊಂಕಣಿ ನಿಘಂಟು ಸಿಕ್ಕಿತು. ಬರೆದವರ ಹೆಸರು ಏಂಜೆಲಸ್ ಫ್ರಾನ್ಸಿಸ್ ಕ್ಸೇವಿಯರ್ ಮಫೇಯಿ ಅಂತ ಉಂಟು. ದುಬೈಯಲ್ಲಿರುವ ತಮ್ಮನಿಗೆ ಫೋಟೋ ಕಳಿಸಿದೆ. "ಇದು ಮಾಫಿಯಾದವರ ಹೆಸರು" ಎಂದು ನಗಾಡಿದ. ಹೌದಾ? ಈ ಹೆಸರಿಗೆ ಅರ್ಥ ಏನು? ಇಟಲಿಯಲ್ಲಿ ತುಂಬ ಜನರಿಗೆ ಈ ಸರ್‌ನೇಮ್ ಉಂಟಾ? ಮತ್ತೊಂದು, ಅಲ್ಲಿ ಹೆಂಗಸರು ಮದುವೆಯಾದ ಮೇಲೆ ಗಂಡನ ಸರ್‌ನೇಮ್ ಹಾಕಿಕೊಳ್ಳುತ್ತಾರಾ? ನನಗೆ ಜನವರಿಯಲ್ಲಿ ಮದುವೆ, ಅದಕ್ಕೇ ಕೇಳಿದೆ.
— ಕುಮಾರಿ ಮಥಾಯಸ್, ಕುಲಶೇಖರ, ಮಂಗಳೂರು

ಉತ್ತರ: ಮೊದಲು ನಿಮ್ಮ ತಮ್ಮನ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ. ಯಾವ ಸಂಬಂಧವೂ ಇಲ್ಲ. ಮಾಫಿಯಾ ಎಂಬ ಪದ ದಕ್ಷಿಣದ ಸಿಸಿಲಿ ದ್ವೀಪದ್ದು. ಅದು ಜನರ ಬಾಯಿಗೆ ಬಿದ್ದದ್ದು 19ನೇ ಶತಮಾನದಲ್ಲಿ. 1863ರಲ್ಲಿ ಪಲೆರ್ಮೊ ಜೈಲಿನ ಕೈದಿಗಳ ಬಗ್ಗೆ ಒಂದು ನಾಟಕ ಬಂತು, ಅದು ಹೋದಲ್ಲೆಲ್ಲ ಪದವೂ ಹೋಯಿತು. ಮಫೇಯಿ ಅದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನ ಹೆಸರು, ಅದೂ ಜಾಸ್ತಿ ಉತ್ತರ ಇಟಲಿಯ ಕಡೆಯದು. ನಿಘಂಟು ಬರೆದ ಪಾದ್ರಿಯನ್ನು ಸುಮ್ನೆ ಡಾನ್ ಮಾಡಬೇಡಿ ಎಂದು ತಮ್ಮನಿಗೆ ಹೇಳಿ. ಇಟಲಿಯಲ್ಲಿ ಊರ ಇಗರ್ಜಿಯ ಪಾದ್ರಿಗಳನ್ನು 'ಡಾನ್' ಎಂದೇ ಕರೆಯುವುದು, ಆ ಮಾತು ಬೇರೆ.

ಇನ್ನು ಅರ್ಥ. ಇದು ಊರಿನಿಂದ ಬಂದ ಹೆಸರೂ ಅಲ್ಲ, ಕಸುಬಿನಿಂದ ಬಂದದ್ದೂ ಅಲ್ಲ. ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಆ ಹೆಸರು ಮಫೇಯೊ. ಮಫೇಯೊ ಎಂದರೆ ಬೇರೆ ಯಾರೂ ಅಲ್ಲ, ನಿಮ್ಮ ಬೈಬಲ್ಲಿನ ಸಂತ ಮತ್ತಾಯ. ಹೀಬ್ರೂ ಭಾಷೆಯ 'ಮತಿತ್ಯಾಹು' ಮೂಲ, 'ದೇವರು ಕೊಟ್ಟದ್ದು' ಎಂದು ಅರ್ಥ. ಗ್ರೀಕರು ಅದನ್ನು ಮತ್ಥಾಯೊಸ್ ಮಾಡಿಕೊಂಡರು. ಆ ನಡುವಿನ ಅಕ್ಷರವನ್ನು ಅವರು ನಾಲಿಗೆಯನ್ನು ಹಲ್ಲಿಗೆ ತಾಗಿಸಿ, ಗಾಳಿ ಬಿಟ್ಟು ಹೇಳುತ್ತಿದ್ದರು. ಇಟಲಿಯವರ ಬಾಯಿಗೆ ಅದು ಕೂರಲಿಲ್ಲ. ಕೆಲವರು 'ತ' ಮಾಡಿದರು, ಮತ್ತೇಯೊ ಆಯಿತು. ಕೆಲವರು 'ಫ' ಮಾಡಿದರು, ಮಫೇಯೊ ಆಯಿತು. ರಷ್ಯನ್ನರೂ ಇದನ್ನೇ ಮಾಡಿದ್ದಾರೆ. ಗ್ರೀಕರ ಥಿಯೊಡೊರೊಸ್ ಅವರಲ್ಲಿ ಫ್ಯೋದರ್.

ಮಫೇಯೊ ಎಂಬುದು ಒಂದು ಕಾಲದಲ್ಲಿ ಮಕ್ಕಳಿಗೆ ಇಡುತ್ತಿದ್ದ ಮಾಮೂಲಿ ಹೆಸರು. ಮಾರ್ಕೊ ಪೋಲೊ ಗೊತ್ತಲ್ವಾ? ಅವನ ಚಿಕ್ಕಪ್ಪ ಮಫೇಯೊ ಪೋಲೊ, ವೆನಿಸ್ಸಿನ ವ್ಯಾಪಾರಿ. ಅಣ್ಣ ನಿಕೊಲೊನ ಜೊತೆ ಕುಬ್ಲಾಯ್ ಖಾನನ ಆಸ್ಥಾನದವರೆಗೆ ಹೋಗಿ ಬಂದವನು. ಗೆಲಿಲಿಯೊನನ್ನು 1633ರಲ್ಲಿ ವಿಚಾರಣೆಗೆ ನಿಲ್ಲಿಸಿದ ಪೋಪ್ ಎಂಟನೇ ಅರ್ಬನ್ ಇದ್ದಾರಲ್ಲ, ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಮಫೇಯೊ.

ಹಾಗಾದರೆ ಕೊನೆಯ 'ಯೊ' ಹೋಗಿ 'ಯಿ' ಯಾಕೆ ಬಂತು? ಇಟಾಲಿಯನ್ನಿನಲ್ಲಿ ಗಂಡು ಹೆಸರಿನ ಕೊನೆಗೆ 'ಒ' ಇದ್ದರೆ ಒಬ್ಬ, 'ಇ' ಇದ್ದರೆ ಹಲವರು. ಮಫೇಯೊ ಎಂಬ ಯಜಮಾನನ ಮನೆಯವರೆಲ್ಲ ಸೇರಿ ಮಫೇಯಿ. ನಮ್ಮ ಕರಾವಳಿಯವರಿಗೆ ಇದು ಥಟ್ಟನೆ ಹೊಳೆಯಲಿಕ್ಕಿಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗಾದರೆ ಅರ್ಧ ವಾಕ್ಯ ಸಾಕು. ಅಲ್ಲಿ ಬಸಪ್ಪನವರ, ಭೀಮಣ್ಣನವರ ಎಂದೇ ಅಡ್ಡಹೆಸರುಗಳಿವೆ. ಯಾವುದೋ ತಲೆಮಾರಿನ ಬಸಪ್ಪ ಹೋದ, ಅವನ ಮನೆಯವರೆಲ್ಲ 'ಬಸಪ್ಪನವರ' ಆಗಿ ಉಳಿದರು. ಮಫೇಯಿ ಎಂದರೆ 'ಮತ್ತಾಯನವರ', ಅಷ್ಟೇ. ಮಂಗಳೂರಿನ ರೊಡ್ರಿಗಸ್, ಫೆರ್ನಾಂಡಿಸ್‌ಗಳೂ ಇದೇ ಜಾತಿಯವು. ಪೋರ್ಚುಗೀಸರ ಲೆಕ್ಕದಲ್ಲಿ ರೊಡ್ರಿಗೊನ ಮಗ, ಫೆರ್ನಾಂಡೊನ ಮಗ.

ಈಗ ನಿಮ್ಮ ಸರ್‌ನೇಮ್‌ಗೆ ಬನ್ನಿ. ಮಥಾಯಸ್! ಮಥಾಯಸ್ ಬೇರೆ ಅಪೊಸ್ತಲ, ಅಂದರೆ ಯೇಸುವಿನ ಇನ್ನೊಬ್ಬ ಶಿಷ್ಯ. ಯೂದ ಇಸ್ಕರಿಯೋತ ಹೋದ ಮೇಲೆ ಅವನ ಜಾಗಕ್ಕೆ ಚೀಟಿ ಹಾಕಿ ಆರಿಸಿದವನು. ಮತ್ತಾಯನಾದರೋ ಸುಂಕ ವಸೂಲಿ ಮಾಡುತ್ತಿದ್ದವನು. ಆದರೆ ಇಬ್ಬರ ಹೆಸರಿಗೂ ಅದೇ ಮತಿತ್ಯಾಹು ಮೂಲ. ನಿಮ್ಮ ಅಜ್ಜನ ಕಪಾಟಿನಲ್ಲಿದ್ದ ಪುಸ್ತಕದ ಮೇಲಿನ ಹೆಸರೂ ನಿಮ್ಮ ಆಧಾರ್ ಕಾರ್ಡಿನ ಮೇಲಿನ ಹೆಸರೂ ದಾಯಾದಿಗಳು. ಇದನ್ನೂ ದುಬೈಗೆ ಕಳಿಸಿ.

ತುಂಬ ಜನರಿಗೆ ಉಂಟಾ ಎಂದು ಕೇಳಿದ್ದೀರಿ. ಇಟಲಿಯಲ್ಲಿ ಕಲ್ಲು ಬಿಸಾಡಿದಲ್ಲೆಲ್ಲ ಸಿಗುವುದು ರೊಸ್ಸಿ, ರುಸ್ಸೊ, ಫೆರಾರಿ. ಮೊದಲಿನ ಎರಡಕ್ಕೂ 'ಕೆಂಪು' ಎಂದು ಅರ್ಥ, ಕೂದಲಿನ ಬಣ್ಣ ನೋಡಿ ಬಂದದ್ದು. ಫೆರಾರಿ ಎಂದರೆ ಕಮ್ಮಾರ, ಕಾರಿಗೂ ಅದೇ ಹೆಸರು. ಮಫೇಯಿ ಆ ಸಾಲಿನಲ್ಲಿ ಬರುವುದಿಲ್ಲ, ಹಾಗಂತ ಅಪರೂಪವೂ ಅಲ್ಲ. ಲೊಂಬಾರ್ದಿ, ವೆನೆತೊ, ಟ್ರೆಂಟೊ ಕಡೆ ಜಾಸ್ತಿ, ಟಸ್ಕನಿಯಲ್ಲೂ ಇದ್ದಾರೆ. ಬೆರ್ಗಮೊದಲ್ಲಿ ಬಾಲ ಸೇರಿಸಿ ಮಫೇಯಿಸ್ ಎನ್ನುತ್ತಾರೆ. ಎಲ್ಲರೂ ಒಂದೇ ಕುಟುಂಬ ಅಂದುಕೊಳ್ಳಬೇಡಿ. ಪ್ರತಿ ಊರಿನಲ್ಲೂ ಒಬ್ಬ ಮತ್ತಾಯ ಇದ್ದ. ಎಲ್ಲ ರಾವ್‌ಗಳೂ ನೆಂಟರಾ?

ಹೆಸರಾದ ಮಫೇಯಿಗಳು ಕೆಲವರಿದ್ದಾರೆ. ಪಾವ್ಲೊ ಮಫೇಯಿ ಖಗೋಳ ವಿಜ್ಞಾನಿ. 1960ರ ದಶಕದ ಕೊನೆಯಲ್ಲಿ ನಮ್ಮ ಆಕಾಶಗಂಗೆಯ ಧೂಳಿನ ಹಿಂದೆ ಅಡಗಿದ್ದ ಎರಡು ಗೆಲಾಕ್ಸಿಗಳನ್ನು ಕಂಡುಹಿಡಿದರು. ಅವುಗಳ ಹೆಸರೇ ಮಫೇಯಿ 1, ಮಫೇಯಿ 2. ವೆರೊನಾದ ಶಿಪಿಯೊನೆ ಮಫೇಯಿ (1675–1755) ನನಗೆ ಇನ್ನೂ ಇಷ್ಟ. ಅಲ್ಲಿ ಇಲ್ಲಿ ಬಿದ್ದಿದ್ದ ಶಾಸನದ ಕಲ್ಲುಗಳನ್ನು ಒಟ್ಟು ಮಾಡಿ ಮ್ಯೂಸಿಯಂ ಕಟ್ಟಿದ. ಅದು ಇವತ್ತಿಗೂ ಉಂಟು. ಬಾರ್ಕೂರಿನ ಕಡೆ ಶಾಸನದ ಕಲ್ಲಿನ ಮೇಲೆ ಲುಂಗಿ ಒಣಗಿಸಿದ್ದನ್ನು ಕಂಡವನು ನಾನು, ಹೊಟ್ಟೆ ಉರಿಯದೆ ಇರುತ್ತದಾ? ಇನ್ನೊಬ್ಬ ಬೆರ್ಗಮೊದ ಜೊವಾನ್ನಿ ಪಿಯೆತ್ರೊ ಮಫೇಯಿ, ಜೆಸ್ವಿಟ್ ಎಂಬ ಕಥೊಲಿಕ್ ಸಂಘದ ಪಾದ್ರಿ. ಪೋರ್ಚುಗಲ್‌ನಲ್ಲಿ ಕೂತು, ಕಾಗದ ಪತ್ರ ನೋಡಿ ಭಾರತದ ಕಡೆಯ ಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದ. 1588ರಲ್ಲಿ ಅಚ್ಚಾಯಿತು.

ನಮ್ಮ ಮಫೇಯಿ ಹಾಗಲ್ಲ, ಇಲ್ಲಿಗೇ ಬಂದವರು. ಇಟಲಿಯ ಜೆಸ್ವಿಟರ ಮೊದಲ ತಂಡ ಮಂಗಳೂರಿಗೆ ಕಾಲಿಟ್ಟದ್ದು 1878ರ ಡಿಸೆಂಬರ್ 31ಕ್ಕೆ. 1882ಕ್ಕಾಗಲೇ ಇವರ ಕೊಂಕಣಿ ವ್ಯಾಕರಣ ಹೊರಗೆ ಬಂದಿತ್ತು. ಮರುವರ್ಷ ನಿಮ್ಮ ಕೈಯಲ್ಲಿರುವ ನಿಘಂಟು. ಮೊದಲ ಹಾಳೆಯ ಕೆಳಗೆ ನೋಡಿ, ಬಾಸೆಲ್ ಮಿಶನ್ ಪ್ರೆಸ್, ಮಂಗಳೂರು ಎಂದಿರುತ್ತದೆ. ಕಥೊಲಿಕ್ ಪಾದ್ರಿಯ ಪುಸ್ತಕ, ಪ್ರೊಟೆಸ್ಟೆಂಟರ ಅಚ್ಚುಕೂಟ! ಮೆನ್ನರ್ ಸಾಹೇಬರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬಂದದ್ದೂ ಅಲ್ಲಿಂದಲೇ. ನೀವು ಕಳಿಸಿದ ಫೋಟೋದಲ್ಲಿ ಹಾಳೆಯ ಅಂಚಿಗೆ ಹುಳ ಹಿಡಿದ ತೂತು ಕಾಣುತ್ತದೆ. 1883ರ ಮೂಲ ಪ್ರತಿಯೇ ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಒಣ ಬಜೆಯ ತುಂಡು ಇಡಿ.

ಕೊನೆಗೆ ನಿಮ್ಮ ಮದುವೆಯ ಪ್ರಶ್ನೆ. ಇಟಲಿಯ ಹೆಂಗಸರು ಹುಟ್ಟಿದ ಮನೆಯ ಸರ್‌ನೇಮ್ ಬಿಡುವುದಿಲ್ಲ. ಗಂಡನದನ್ನು ಜೊತೆಗೆ ಸೇರಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಸರಕಾರಿ ಕಾಗದದಲ್ಲಿ ಸಾಯುವವರೆಗೂ ತವರಿನದೇ. ಮಕ್ಕಳಿಗೆ ಮಾತ್ರ ಅಪ್ಪನದೇ ಬರುತ್ತಿತ್ತು. ನಮ್ಮ ತುಳುವರಲ್ಲಿ 'ಬರಿ', ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದಲ್ಲ, ಅದಕ್ಕೆ ಪೂರ್ತಿ ಉಲ್ಟಾ. 2022ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು ಇದು ಸರಿಯಲ್ಲ ಎಂದಿತು. ಈಗ ಹುಟ್ಟುವ ಮಗುವಿಗೆ ಇಬ್ಬರದೂ ಬರುತ್ತದೆ, ಒಂದೇ ಸಾಕು ಎಂದು ಇಬ್ಬರೂ ಒಪ್ಪಿದರೆ ಒಂದೇ. ಹೀಗೆ ಸೇರಿಸುತ್ತಾ ಹೋದರೆ ಮೊಮ್ಮಕ್ಕಳಿಗೆ ನಾಲ್ಕು, ಮರಿಮಕ್ಕಳಿಗೆ ಎಂಟು ಆಗುತ್ತದಲ್ವಾ? ಅದಕ್ಕೊಂದು ಕಡಿವಾಣ ಹಾಕುವ ಕೆಲಸವನ್ನು ಕೋರ್ಟು ಸಂಸತ್ತಿನ ತಲೆಗೆ ಕಟ್ಟಿದೆ.