ಸಂಪಾದಕರ ಉತ್ತರ: ವಕೀಲ ಬಾರ್ಕರ್, ಮಂತ್ರಿ ಬಾರ್ಕರ್

ದಾವಣಗೆರೆಯ ಯುವ ವಕೀಲರೇ,

24 ವರ್ಷ ಸಿಂಗಪುರದ ಕಾನೂನು ಮಂತ್ರಿಯಾಗಿದ್ದ ಎಡ್ಡಿ ಬಾರ್ಕರ್‌ಗೆ ಹೋದ ತಿಂಗಳ ಲೇಖನದಲ್ಲಿ ಒಂದೇ ಸಾಲಾ ಎಂದು ಕೇಳಿದ್ದೀರಿ. ವಕೀಲರೇ ಮಂತ್ರಿಯಾದರೆ ಕಾನೂನಿಗೆ ಬಲ ಬರುತ್ತದೆ ಅಲ್ವಾ ಎಂದೂ ಕೇಳಿದ್ದೀರಿ. ಆ ಲೇಖನ ಇದ್ದದ್ದು ಸಿಂಗಪುರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಬಗ್ಗೆ. ಬಾರ್ಕರ್ ಕಥೆ ಇಲ್ಲಿ ಹೇಳುತ್ತೇನೆ. ನಿಮ್ಮ ಎರಡನೇ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ.

ಬಾರ್ಕರ್ ಹುಟ್ಟಿದ್ದು 1920ರಲ್ಲಿ, ಯುರೇಷಿಯನ್ (ಯುರೋಪ್ ಮತ್ತು ಏಷ್ಯಾ ಮೂಲ ಬೆರೆತ) ಮನೆತನದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಕಾನೂನು ಓದಿ ಬಂದು, ಮುಂದೆ ಲೀ ದಂಪತಿಯ ವಕೀಲಿ ಕಚೇರಿ ಸೇರಿದರು. 1963ರಲ್ಲಿ ಚುನಾವಣೆ ಗೆದ್ದು ಸ್ಪೀಕರ್ ಆದರು. ಮರುವರ್ಷ ಕಾನೂನು ಮಂತ್ರಿ.

ಅವರ ವಕೀಲಿಕೆ ನಿಜವಾಗಿ ಕೆಲಸಕ್ಕೆ ಬಂದದ್ದು 1965ರಲ್ಲಿ. ಮಲೇಷ್ಯಾದಿಂದ ಸಿಂಗಪುರ ಬೇರೆಯಾಗುವ ಮಾತುಕತೆ ಗುಟ್ಟಾಗಿ ನಡೆದಿತ್ತು. ಕಾಗದ ಪತ್ರಗಳ ಕರಡು ಬರೆಯುವ ಕೆಲಸ ಬಾರ್ಕರ್‌ಗೆ ಬಂತು. ಒಂದು ಒಕ್ಕೂಟ ಒಡೆಯುವಾಗ ಯಾವ ಮಾತು ಬಳಸಬೇಕು? ಅವರು 1962ರಲ್ಲಿ ಮುರಿದುಬಿದ್ದ ವೆಸ್ಟ್ ಇಂಡೀಸ್ ಒಕ್ಕೂಟದ ಕಾಗದಗಳನ್ನು ಹುಡುಕಿ ತೆಗೆದರು. ಒಳ್ಳೆಯ ವಕೀಲರ ಲಕ್ಷಣ ನೋಡಿ: ಹೊಸ ಸಂಕಟಕ್ಕೆ ಹಳೆಯ ನಿದರ್ಶನ. ಮಲೇಷ್ಯಾದ ಜೊಹೋರ್‌ನಿಂದ ಬರುವ ನೀರಿನ 1961 ಮತ್ತು 1962ರ ಒಪ್ಪಂದಗಳಿಗೆ ಖಾತರಿ ಕೊಡುವ ಕಲಮನ್ನು ಬರೆದವರು ಲೀಯವರ ಪತ್ನಿ ಕ್ವಾ ಗಿಯೋಕ್ ಚೂ, ಅವರೂ ವಕೀಲರೇ. ಆಗಸ್ಟ್ 7ರ ತಾರೀಖಿನ ಒಪ್ಪಂದಕ್ಕೆ ಸಿಂಗಪುರದ ಪರವಾಗಿ 10 ಮಂತ್ರಿಗಳ ಸಹಿ ಬಿತ್ತು. ಅವರಲ್ಲಿ ತೋ ಚಿನ್ ಚೈ ಮತ್ತು ರಾಜರತ್ನಂ ಒಲ್ಲದ ಮನಸ್ಸಿನಿಂದ ಸಹಿ ಮಾಡಿದರು. 9ರಂದು ದೇಶ ಹುಟ್ಟಿತು.

ಇಷ್ಟೇ ಆಗಿದ್ದರೆ ನಿಮ್ಮ ಮಾತಿಗೆ ಹೂಂ ಅನ್ನುತ್ತಿದ್ದೆ. ಆದರೆ 1966ರಲ್ಲಿ ಭೂಸ್ವಾಧೀನ ಕಾಯ್ದೆ ಬಂತು. ಸಾರ್ವಜನಿಕ ಉದ್ದೇಶ ಎಂದು ಸರ್ಕಾರ ಹೇಳಿದರೆ ಜಮೀನು ಹೋಯಿತು ಅಂತಲೇ. ಉಳಿದದ್ದು ಪರಿಹಾರದ ಜಗಳ ಮಾತ್ರ. ಆಮೇಲೆ ಅದಕ್ಕೂ ಗೆರೆ ಎಳೆದರು: ಮುಂದೆ ಬೆಲೆ ಎಷ್ಟೇ ಏರಲಿ, 1973ರ ನವೆಂಬರ್ 30ರ ದರಕ್ಕಿಂತ ಜಾಸ್ತಿ ಇಲ್ಲ. ಇನ್ನೊಂದು ವಿಷಯ, 1965ರಿಂದ 1975ರವರೆಗೆ ರಾಷ್ಟ್ರೀಯ ಅಭಿವೃದ್ಧಿ ಖಾತೆಯೂ ಬಾರ್ಕರ್ ಕೈಯಲ್ಲೇ ಇತ್ತು. ಮನೆ ಕಟ್ಟುವ ಮಂಡಳಿ ಬರುತ್ತಿದ್ದದ್ದು ಆ ಖಾತೆಯ ಕೆಳಗೆ. ಜಮೀನು ಬೇಕು ಅನ್ನುವ ಖಾತೆಗೂ, ಅದನ್ನು ಪಡೆಯುವ ಕಾನೂನಿಗೂ ಒಬ್ಬರೇ ಮಂತ್ರಿ! ಲಕ್ಷಾಂತರ ಜನಕ್ಕೆ ಸೂರು ಸಿಕ್ಕಿತು, ನಿಜ. ಜಮೀನು ಕಳೆದುಕೊಂಡವರಿಗೆ ಸಿಕ್ಕಿದ್ದು ಹಳೆಯ ದರ.

ನನಗೆ ಜಾಸ್ತಿ ಚುಚ್ಚುವುದು ಜ್ಯೂರಿ ವಿಚಾರ, ಅಂದರೆ ಸಾಮಾನ್ಯ ಜನರೇ ಕೂತು ಆರೋಪಿ ತಪ್ಪಿತಸ್ಥನಾ ಎಂದು ಹೇಳುವ ಪದ್ಧತಿ. ಮರಣದಂಡನೆ ಪ್ರಕರಣಗಳಿಗೆ ಮಾತ್ರ ಉಳಿದಿದ್ದ ಜ್ಯೂರಿ ಪದ್ಧತಿಯನ್ನು 1969ರ ಕೊನೆಗೆ ತೆಗೆದುಹಾಕಿದರು. ಮಸೂದೆ ಮಂಡಿಸಿದ್ದು ಬಾರ್ಕರ್. ಗಟ್ಟಿಯಾಗಿ ವಿರೋಧಿಸಿದ್ದು ಡೇವಿಡ್ ಮಾರ್ಷಲ್. ಅವರೂ ವಕೀಲರು, ಹಿಂದೆ 1955ರಲ್ಲಿ ಸಿಂಗಪುರದ ಮೊದಲ ಮುಖ್ಯಮಂತ್ರಿಯಾಗಿದ್ದವರು. ಒಂದೇ ವೃತ್ತಿ, ಎರಡು ದಾರಿ. ಕರಾರು ಬರೆಸಬೇಕಿದ್ದರೆ ನಾನು ಬಾರ್ಕರ್ ಹತ್ತಿರ ಹೋಗುತ್ತಿದ್ದೆ. ಕಟಕಟೆಯಲ್ಲಿ ನಿಲ್ಲಬೇಕಾಗಿ ಬಂದಿದ್ದರೆ ಮಾರ್ಷಲ್ ಹತ್ತಿರ.

ಹಾಗಾಗಿ ಕಾನೂನು ಬಲ್ಲವರು ಮಂತ್ರಿಯಾದರೆ ಬಲ ಬರುವುದು ಸರ್ಕಾರದ ಕೈಗೆ. ಅದು ಜನರ ಕಡೆಗೂ ಬರುತ್ತದಾ ಎನ್ನುವುದು ಎದುರು ಕುಳಿತವರ ಮೇಲಿದೆ. ಆಗಿನ ಸಿಂಗಪುರದ ಸಂಸತ್ತಿನಲ್ಲಿ, 1968ರ ಚುನಾವಣೆಯ ನಂತರ, ಎದುರು ಯಾರೂ ಇರಲಿಲ್ಲ. ಎಲ್ಲ 58 ಸ್ಥಾನವೂ ಒಂದೇ ಪಕ್ಷದ್ದು.

ಸಿಂಗಪುರ ಬೇರೆಯಾದ ಒಪ್ಪಂದದ ಕನ್ನಡ ಸಾರಾಂಶವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನೀರಿನ ಕಲಮನ್ನು ವಕೀಲರ ಕಣ್ಣಿನಿಂದ ಓದಿ, ನಿಮಗೆ ಏನನ್ನಿಸಿತು ಬರೆಯಿರಿ.

– ಸಂ.